ಅರಸೀಕೆರೆಯ ಆಕಾಶ ಖಾಲಿ ಇಲ್ಲ

ಯಶವಂತಪುರದಲ್ಲಿ ರೈಲು ಹತ್ತಿದಾಗಿನಿಂದ ಎದುರು ಸೀಟಿನ ಅಜ್ಜಿ ನನ್ನ ತೊಡೆ ಮೇಲಿದ್ದ ಥರ್ಮಾಕೋಲ್ ಡಬ್ಬವನ್ನೇ ನೋಡ್ತಾ ಇದ್ದರು. ತುಮಕೂರು ದಾಟಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು. "ಏನಪ್ಪಾ ಅದು, ಐಸ್‌ಕ್ರೀಮಾ? ಕರಗಲ್ವಾ?"

"ಅಲ್ಲಜ್ಜಿ, ರೇಡಿಯೊ."

"ಹಾಡು ಬರುತ್ತಾ?"

ಬರಲ್ಲ ಅಂದೆ. ಅಲ್ಲಿಗೆ ಅವರ ಕುತೂಹಲ ಮುಗಿಯಿತು, ಕಿಟಕಿ ಕಡೆ ತಿರುಗಿಕೊಂಡರು.

ಹಾಡು ಬರದ ಆ ರೇಡಿಯೊಗಾಗಿ ನಾವು ಮೂವರು ಗೆಳೆಯರು ಆರು ತಿಂಗಳ ವೀಕೆಂಡ್‌ಗಳನ್ನು ಸುರಿದಿದ್ದೆವು. ಮೂವರಿಗೂ ಐಟಿ ಕೆಲಸ, ಮೂವರಿಗೂ ಹ್ಯಾಮ್ ಲೈಸೆನ್ಸ್. ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಿ, ವಿಯು3 ಅಂತ ಶುರುವಾಗುವ ಕಾಲ್‌ಸೈನ್ ಕೈಗೆ ಬಂದ ದಿನ ಆಫೀಸಿನ ಅಪ್ರೈಸಲ್‌ಗಿಂತ ಹೆಚ್ಚು ಖುಷಿಪಟ್ಟ ಜನ ನಾವು. ಡಬ್ಬದೊಳಗೆ ಒಂದು ಜಿಪಿಎಸ್, ಅದು ಹೇಳಿದ ಜಾಗವನ್ನು ಅರ್ಧ ನಿಮಿಷಕ್ಕೊಮ್ಮೆ 2 ಮೀಟರ್ ಬ್ಯಾಂಡಿನಲ್ಲಿ ಸಾರುವ ಪುಟ್ಟ ಟ್ರಾನ್ಸ್‌ಮಿಟರ್, ಒಂದು ಕ್ಯಾಮೆರಾ, ಬ್ಯಾಟರಿಗಳು. ಇದನ್ನು ಹವಾಮಾನದವರು ಬಿಡುವಂಥ ರಬ್ಬರ್ ಬಲೂನಿಗೆ ಕಟ್ಟಿ ಅರಸೀಕೆರೆಯಲ್ಲಿರುವ ನನ್ನ ಸೋದರಮಾವನ ತೆಂಗಿನ ತೋಟದಿಂದ ಭಾನುವಾರ ಬೆಳಗ್ಗೆ ಹಾರಿಸಿಬಿಡುವುದು ಅನ್ನೋದು ಪ್ಲ್ಯಾನ್. ಸಂಕ್ರಾಂತಿ ಮುಗಿದ ಮುಂದಿನ ವಾರ. ಮೋಡ ಇಲ್ಲ, ಮಳೆ ಇಲ್ಲ, ಆಕಾಶ ತೊಳೆದಿಟ್ಟ ಹಾಗೆ.

ಈ ಬಲೂನಿನ ಮೋಹ ಏನು ಅಂತ ಹೇಳಿಬಿಡ್ತೀನಿ. ಬಿಡುವಾಗ ಅದು ಒಬ್ಬ ಮನುಷ್ಯನಷ್ಟು ಅಗಲ ಇರುತ್ತೆ. ಸೆಕೆಂಡಿಗೆ ಸುಮಾರು 5 ಮೀಟರ್ ಲೆಕ್ಕದಲ್ಲಿ ಏರುತ್ತಾ ಹೋಗುತ್ತೆ. ಮೇಲೆ ಹೋದಂತೆ ಸುತ್ತಲಿನ ಗಾಳಿಯ ಒತ್ತಡ ಕಡಿಮೆ ಆಗುತ್ತೆ, ಬಲೂನು ಉಬ್ಬುತ್ತೆ. 30 ಕಿಲೋಮೀಟರ್ ಎತ್ತರದಲ್ಲಿ ನೆಲದ ಮೇಲಿನ ಒತ್ತಡದ ನೂರರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತೆ. ಅಷ್ಟೊತ್ತಿಗೆ ಬಲೂನು ಒಂದು ಕೋಣೆಯಷ್ಟು ದೊಡ್ಡದಾಗಿ, ಇನ್ನು ತಡೆಯಲಾರೆ ಅಂತ ಒಡೆಯುತ್ತೆ. ಪ್ಯಾರಾಚೂಟ್ ಬಿಚ್ಚಿಕೊಂಡು ಡಬ್ಬ ಕೆಳಗಿಳಿಯುತ್ತೆ. ಅಲ್ಲಿಂದ ತೆಗೆದ ಫೋಟೋದಲ್ಲಿ ಹಗಲಲ್ಲೇ ಕಪ್ಪು ಆಕಾಶ, ಕೆಳಗೆ ಬಾಗಿದ ಭೂಮಿ. ಅಷ್ಟು ಎತ್ತರದಿಂದ ಪಿಸುಗುಟ್ಟುವ ಟ್ರಾನ್ಸ್‌ಮಿಟರ್ ಕೂಡ ಸುತ್ತ 600 ಕಿಲೋಮೀಟರ್‌ವರೆಗೆ ಕೇಳಿಸಬಹುದು. ಅರಸೀಕೆರೆಯ ಮೇಲಿಂದ ಕೂಗಿದರೆ ಹೈದರಾಬಾದಿನ ಹ್ಯಾಮ್‌ಗೂ ಗೋವಾದ ಹ್ಯಾಮ್‌ಗೂ ಒಟ್ಟಿಗೇ ಕೇಳುತ್ತೆ. ಇಂಥದ್ದನ್ನು ಕೇಳಿದ ಮೇಲೆ ಯಾರು ಸುಮ್ಮನಿರ್ತಾರೆ ಹೇಳಿ.

ಒಂದು ಸಣ್ಣ ಸಂಗತಿ ಬಾಕಿ ಇತ್ತು. ಅನುಮತಿ. "ಅರಸೀಕೇರೇಲಿ ಏರ್‌ಪೋರ್ಟೇ ಇಲ್ವಲ್ಲೋ, ಯಾರ ಪರ್ಮಿಷನ್?" ಅಂದಿದ್ದ ಗೆಳೆಯ. ನನಗೂ ಅದೇ ಸರಿ ಅನಿಸಿತ್ತು. ಸರಿ ಅನಿಸಬೇಕಿತ್ತು ಅಂತ ಅನಿಸಿತ್ತು, ಅನ್ನೋದು ಇನ್ನೂ ನಿಜ.

ಶನಿವಾರ ಬೆಳಗ್ಗೆ ಅತ್ತೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸುತ್ತಿದ್ದರು. ಮಾವ ಡಬ್ಬವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಇಲ್ಲಿ ಒಂದು ವಿಷಯ ಹೇಳಬೇಕು: ಮಾವ ಮೂವತ್ತು ವರ್ಷ ಏರ್ ಟ್ರಾಫಿಕ್ ಕಂಟ್ರೋಲ್‌ನಲ್ಲಿ ಕೆಲಸ ಮಾಡಿ, ರಿಟೈರ್ ಆಗಿ ತೋಟಕ್ಕೆ ಬಂದವರು. ಇದು ಗೊತ್ತಿದ್ದೂ ಅವರ ತೋಟವನ್ನೇ ಆರಿಸಿಕೊಂಡ ನನ್ನ ಬುದ್ಧಿಗೆ ಏನನ್ನಬೇಕೋ.

"ಎಷ್ಟು ತೂಕ?"

"ಒಂದೂಕಾಲು ಕೆಜಿ ಮಾವ. ಇಂಟರ್‌ನ್ಯಾಷನಲ್ ರೂಲ್ಸ್ ಪ್ರಕಾರ 4 ಕೆಜಿ ಒಳಗಿದ್ರೆ ಲೈಟ್ ಬಲೂನು." ಓದಿಕೊಂಡು ಹೋಗಿದ್ದೆ.

"ಹಗ್ಗ ಯಾವುದು?"

ತೋರಿಸಿದೆ. ಟೆಂಟ್ ಕಟ್ಟುವ ನೈಲಾನ್ ಹಗ್ಗ. ಗಟ್ಟಿ ಇರಲಿ ಅಂತ ನಾನೇ ತಂದಿದ್ದು. ಮಾವ ಎರಡೂ ಕೈಗೆ ಸುತ್ತಿಕೊಂಡು ಜಗ್ಗಿದರು, ಜಪ್ಪಯ್ಯ ಅನ್ನಲಿಲ್ಲ.

"ಅದೇ ರೂಲ್ಸ್‌ನಲ್ಲಿ ಮುಂದಿನ ಸಾಲು ಓದಿಲ್ವಾ? ಹಗ್ಗ ಕಿತ್ತು ಬರೋಕೆ 230 ನ್ಯೂಟನ್ ಅಥವಾ ಅದಕ್ಕಿಂತ ಜಾಸ್ತಿ ಬಲ ಬೇಕು ಅಂದ್ರೆ, ನಿನ್ನ ಡಬ್ಬ ಎಷ್ಟೇ ಹಗುರ ಇರಲಿ, ಅದು ಹೆವಿ ಬಲೂನು. ಇಪ್ಪತ್ಮೂರು ಕೆಜಿ ಜಗ್ಗಿದಷ್ಟು. ಇದು ಅದಕ್ಕೆ ಎರಡರಷ್ಟು ತಡೆಯುತ್ತೆ ಕಣೋ. ಹಗ್ಗ ಗಟ್ಟಿ ಇರಬಾರದು. ವಿಮಾನಕ್ಕೆ ಸಿಕ್ಕರೆ ತಕ್ಷಣ ಕಿತ್ತು ಹೋಗಬೇಕು."

ನಾವು ಗಟ್ಟಿ ಹಗ್ಗವನ್ನೇ ಸುರಕ್ಷತೆ ಅಂದುಕೊಂಡಿದ್ದೆವು. ಯಾರ ಸುರಕ್ಷತೆ ಅಂತ ಕೇಳಿಕೊಂಡಿರಲಿಲ್ಲ. ನಮ್ಮ ಕ್ಯಾಮೆರಾದ್ದು, ಅಷ್ಟೇ.

"ಅಷ್ಟಕ್ಕೂ ಹಗುರ ಅಂದ್ರೆ ಏನು?" ಮಾವ ರೊಟ್ಟಿ ಮುರಿಯುತ್ತಾ ಕೇಳಿದರು. "ತೆಂಗಿನ ಮರದ ಕೆಳಗೆ ಮಲಗ್ತೀಯಾ?"

ಅರಸೀಕೆರೆ, ತಿಪಟೂರು ಕಡೆ ಹುಟ್ಟಿದ ಯಾರೂ ಕಾಯಿ ಬಿಟ್ಟ ಮರದ ಕೆಳಗೆ ಮಲಗಲ್ಲ. ನಡೆದು ಬಂದಷ್ಟೇ ಸಲೀಸಾಗಿ ಕಲಿಯುವ ಪಾಠ ಅದು. ಊಟ ಮುಗಿದ ಮೇಲೆ ಫೋನಿನಲ್ಲಿ ಲೆಕ್ಕ ಹಾಕಿ ನೋಡಿದೆ. ಸಿಪ್ಪೆ ಸಮೇತ ಒಂದೂವರೆ ಕೆಜಿ ತೂಗುವ ಕಾಯಿ 60 ಅಡಿ ಎತ್ತರದಿಂದ ಬಿದ್ದರೆ ಒಂದು ಶಕ್ತಿ ಇರುತ್ತಲ್ಲ. ಗಂಟೆಗೆ 830 ಕಿಲೋಮೀಟರ್ ವೇಗದಲ್ಲಿ ಬರುವ ವಿಮಾನಕ್ಕೆ ಒಂದು ಕೆಜಿಯ ಡಬ್ಬ ಎದುರಾದರೆ ಅದರ ಸುಮಾರು ನೂರು ಪಟ್ಟು. ಡಬ್ಬ ತೇಲುತ್ತಾ ಇರುತ್ತೆ, ಪಾಪ, ಅದಕ್ಕೆ ವೇಗವೇ ಇಲ್ಲ. ವೇಗ ಎಲ್ಲ ವಿಮಾನದ್ದು. ಆದರೆ ಗಾಜಿಗೆ ಎರಡೂ ಒಂದೇ. ದೊಡ್ಡ ವಿಮಾನಗಳ ಮುಂದಿನ ಗಾಜು ಸುಮಾರು 1.8 ಕೆಜಿಯ ಹಕ್ಕಿ ಬಡಿದರೂ ತೂತಾಗಬಾರದು ಅನ್ನೋ ನಿಯಮಕ್ಕೆ ತಯಾರಾಗುತ್ತೆ, ನಿಜ. ಹಕ್ಕಿ ಮೆತ್ತಗಿರುತ್ತೆ. ಬ್ಯಾಟರಿ ಮೆತ್ತಗಿರಲ್ಲ.

ಇದು ಬರೀ ಲೆಕ್ಕದ ಮಾತಲ್ಲ. 2025ರ ಅಕ್ಟೋಬರ್ 16ರಂದು ಅಮೆರಿಕದ ಡೆನ್ವರ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ ವಿಮಾನ ಯೂಟಾ ರಾಜ್ಯದ ಮೇಲೆ 36,000 ಅಡಿ ಎತ್ತರದಲ್ಲಿತ್ತು. ಏನೋ ಬಂದು ಮುಂದಿನ ಗಾಜಿಗೆ ಬಡಿಯಿತು. ಒಳಗೆ ಗಾಜಿನ ಚೂರು ಸಿಡಿದು ಕ್ಯಾಪ್ಟನ್‌ಗೆ ಗಾಯ. ವಿಮಾನ ಸಾಲ್ಟ್ ಲೇಕ್ ಸಿಟಿಯಲ್ಲಿ ಇಳಿಯಿತು, ಎಲ್ಲರೂ ಉಳಿದರು. ಮೊದಲು ಉಲ್ಕೆಯೋ ಉಪಗ್ರಹದ ಚೂರೋ ಅಂತೆಲ್ಲ ಸುದ್ದಿ ಓಡಾಡಿತು. ಕೊನೆಗೆ ನೋಡಿದರೆ ಹವಾಮಾನದ ಮಾಹಿತಿ ಸಂಗ್ರಹಿಸುವ ವಿಂಡ್‌ಬೋರ್ನ್ ಅನ್ನೋ ಕಂಪನಿಯ ಬಲೂನು. ತೂಕ ಸುಮಾರು 1.1 ಕೆಜಿ. ನಮ್ಮ ಡಬ್ಬಕ್ಕಿಂತ ಕಡಿಮೆ! ಅವರು ನಿಯಮದಂತೆ ಹಗುರ ಬಲೂನನ್ನೇ ಬಿಟ್ಟಿದ್ದರು, ಪೈಲಟ್‌ಗಳಿಗೆ ಮುಂಚಿತವಾಗಿ ಹೋಗುವ ನೋಟಾಮ್ ಸೂಚನೆಯನ್ನೂ ಕೊಟ್ಟಿದ್ದರು. ಆದರೂ ಆಯಿತು. ಅದಾದ ಮೇಲೆ 30,000ದಿಂದ 40,000 ಅಡಿ ನಡುವೆ ತಮ್ಮ ಬಲೂನುಗಳು ಕಳೆಯುವ ಹೊತ್ತನ್ನು ಕಡಿಮೆ ಮಾಡ್ತೀವಿ ಅಂತ ಕಂಪನಿ ಹೇಳಿತು.

ಎಲ್ಲ ಹೇಳಿ ಮಾಡಿದವರದ್ದೇ ಹೀಗೆ. ಹೇಳದೆ ಕೇಳದೆ ಬಿಡಲು ಹೊರಟಿದ್ದ ನಾವು?

ಗೆಳೆಯ ಇನ್ನೂ ಬಿಟ್ಟುಕೊಟ್ಟಿರಲಿಲ್ಲ. "ಅಂಕಲ್, ಹವಾಮಾನ ಇಲಾಖೆಯವರು ದಿನಾ ಬಿಡ್ತಾರಲ್ವಾ? ಪ್ರಪಂಚದಲ್ಲಿ ಸುಮಾರು 900 ಕಡೆ, ದಿನಕ್ಕೆರಡು ಸಲ."

"ಬಿಡ್ತಾರಪ್ಪ. ಎಲ್ಲಿಂದ ಬಿಡ್ತಾರೆ, ಎಷ್ಟು ಹೊತ್ತಿಗೆ ಬಿಡ್ತಾರೆ ಅಂತ ನಮಗೆ ಗೊತ್ತಿರ್ತಿತ್ತು. ನಿಮ್ಮದು ಯಾರಿಗೆ ಗೊತ್ತು? ರಬ್ಬರ್ ಬಲೂನು ರಡಾರ್‌ಗೆ ನೆಟ್ಟಗೆ ಕಾಣಲ್ಲ. ನಾನು ಸ್ಕ್ರೀನ್ ಮುಂದೆ ಕೂತಿದ್ರೆ ನನಗೆ ಕಾಣೋದು ಖಾಲಿ ಆಕಾಶ."

ಅಡುಗೆಮನೆಯಿಂದ ಅತ್ತೆ ಇಣುಕಿದರು. "ನಮ್ಮ ಪುಟ್ಟಿ ದೋಹಾದಿಂದ ಬರೋ ಫ್ಲೈಟೂ ಇದೇ ದಾರೀಲಿ ಬರುತ್ತಾ?"

"ಬಂದ್ರೂ ಬರಬಹುದು" ಅಂದರು ಮಾವ, ತಟ್ಟೆಯಿಂದ ತಲೆ ಎತ್ತದೆ.

ಸಂಜೆ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿದೆವು. ಊರಿನಿಂದ ಮೂರ್ನಾಲ್ಕು ಕಿಲೋಮೀಟರ್. ಆಷಾಢದ ಜಾತ್ರೆಯಲ್ಲಿ ಕಾಲಿಡಲು ಜಾಗ ಇರದ ಮೆಟ್ಟಿಲುಗಳ ಮೇಲೆ ಆವತ್ತು ನಾವು, ನಾಲ್ಕೈದು ಕೋತಿ, ಅಷ್ಟೇ. ಮೇಲಿಂದ ನೋಡಿದರೆ ನಾಲ್ಕೂ ದಿಕ್ಕಿಗೆ ತೆಂಗು. ನಡುವೆ ರೈಲು ಹಳಿ ಬೆಂಗಳೂರಿಂದ ಬಂದು, ಒಂದು ಹುಬ್ಬಳ್ಳಿ ಕಡೆ, ಇನ್ನೊಂದು ಹಾಸನ, ಮಂಗಳೂರು ಕಡೆ ಸೀಳುವುದು ಕಾಣುತ್ತೆ. ಅರಸೀಕೆರೆ ಜಂಕ್ಷನ್ ಅಂತ ನಾವು ಚಿಕ್ಕಂದಿನಿಂದ ಹೇಳೋದು ಈ ಹಳಿಗಳಿಗೆ. ಫೋನಿನಲ್ಲಿ ವಿಮಾನ ತೋರಿಸುವ ಆ್ಯಪ್ ತೆರೆದು ಬಂಡೆ ಮೇಲೆ ಮಲಗಿಕೊಂಡೆವು. ಮುಂಬೈಗೆ ಹೋಗುವುದು, ಮಂಗಳೂರಿಗೆ ಹೋಗುವುದು, ಗಲ್ಫ್‌ನಿಂದ ಬರುವುದು. ಕತ್ತಲಾಗುವ ಹೊತ್ತಿಗೆ ಎಣಿಸಲು ಎರಡು ಕೈಯ ಬೆರಳು ಸಾಲಲಿಲ್ಲ. ಮೇಲೂ ಒಂದು ಜಂಕ್ಷನ್ ಇದೆ. ಹಳಿ ಕಾಣದ್ದಕ್ಕೆ ಖಾಲಿ ಅಂದುಕೊಂಡಿದ್ದೆವು.

ನಮ್ಮ ಬಲೂನು ಆ ದಾರಿಯನ್ನು ದಾಟೋದು ಎಷ್ಟು ಹೊತ್ತು? ಏರುವಾಗ 30,000ದಿಂದ 40,000 ಅಡಿವರೆಗೆ ಸುಮಾರು ಹತ್ತು ನಿಮಿಷ, ಇಳಿಯುವಾಗ ಇನ್ನೊಂದಿಷ್ಟು. ಎರಡು ಎರಡೂವರೆ ಗಂಟೆಯ ಹಾರಾಟದಲ್ಲಿ ಕಾಲು ಗಂಟೆಯೂ ಇಲ್ಲ. ಆ ವಿಶಾಲ ಆಕಾಶದಲ್ಲಿ ಒಂದು ಡಬ್ಬಕ್ಕೆ ಒಂದು ವಿಮಾನ ಸಿಗೋದು ಲಾಟರಿ ಹೊಡೆದ ಹಾಗೆ, ಒಪ್ಪುತ್ತೇನೆ. ಆದರೆ ಆ ಲಾಟರಿಯ ಟಿಕೆಟ್ಟನ್ನು ವಿಮಾನದಲ್ಲಿ ಕೂತವರ ಹೆಸರಲ್ಲಿ ನಾವು ಕೊಳ್ಳುವುದು ಹೇಗೆ? ಅವರನ್ನು ಕೇಳಿದವರು ಯಾರು? ಬಂಡೆ ಮೇಲೆ ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಗೆಳೆಯ ಮಾತ್ರ ಇಳಿಯುವಾಗ "ನಾಳೆ ಬೇಡ ಬಿಡೋ" ಅಂದ.

ಇನ್ನೊಂದು ಕಾರಣವೂ ಇತ್ತು. ಗಾಳಿಯ ಮುನ್ಸೂಚನೆ ಹಾಕಿ ಬಲೂನು ಎಲ್ಲಿ ಬೀಳಬಹುದು ಅಂತ ಕಂಪ್ಯೂಟರ್‌ನಲ್ಲಿ ಅಂದಾಜು ಮಾಡಬಹುದು. ಬುಧವಾರ ನೋಡಿದಾಗ ಹಳೇಬೀಡು, ಬೇಲೂರಿನ ಕಡೆ ತೋರಿಸಿತ್ತು. ಅದಕ್ಕೇ ಹಿಂಬಾಲಿಸಲು ಕಾರು ಗೊತ್ತು ಮಾಡಿ, ಹಾಗೇ ದೇವಸ್ಥಾನಗಳನ್ನೂ ನೋಡಿಬಿಡೋಣ ಅಂದುಕೊಂಡಿದ್ದೆವು. ಶುಕ್ರವಾರ ರಾತ್ರಿ ನೋಡಿದರೆ ಉಲ್ಟಾ, ತಿಪಟೂರಿನ ಕಡೆ. ಅಂದರೆ ಬೆಂಗಳೂರಿನ ಕಡೆ. ನಮ್ಮ ಕೈಲಿರೋದು ಹಗ್ಗ ಬಿಡುವ ಕ್ಷಣ ಮಾತ್ರ. ಆಮೇಲೆ ಎಲ್ಲ ಗಾಳಿಯ ಕೈಯಲ್ಲಿ. ಮಳೆಗಾಲದಲ್ಲಾದರೆ ದಕ್ಷಿಣ ಭಾರತದ ಮೇಲೆ 15 ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜೋರಾದ ಗಾಳಿಹೊಳೆಯೇ ಹರಿಯುತ್ತೆ. ಆಗ ಬಿಟ್ಟರೆ ಡಬ್ಬ ಪಶ್ಚಿಮ ಘಟ್ಟದ ಕಾಡಿಗೇ ಅರ್ಪಣೆ.

ಭಾನುವಾರ ಬಲೂನಿಲ್ಲದೆ ಟೆಸ್ಟ್ ಮಾಡೋಣ ಅಂತಾಯಿತು. ಒಬ್ಬ ಗೆಳೆಯ ಡಬ್ಬ ಹಿಡಿದು ಬೆಟ್ಟದ ಮೇಲೆ ಕೂರುವುದು, ನಾವಿಬ್ಬರು ಕಾರಿನಲ್ಲಿ ದೂರ ಹೋಗುತ್ತಾ ಸಿಗ್ನಲ್ ಎಲ್ಲಿವರೆಗೆ ಸಿಗುತ್ತೆ ನೋಡುವುದು. ಹೊರಡುವ ಮೊದಲು ಊರಿನ ಶಿವಾಲಯಕ್ಕೆ ಹೋದೆವು. ಹೊಯ್ಸಳರ ಕಾಲದ್ದು, ಮುಂದೆ ನಕ್ಷತ್ರದ ಆಕಾರದ ಮಂಟಪ. ಬೇಲೂರಿಗೆ ಹೋಗುವ ಭರದಲ್ಲಿ ಜನ ಇದನ್ನು ಬಿಟ್ಟೇ ಹೋಗ್ತಾರೆ. ನೀವು ಬಿಡಬೇಡಿ.

ಜಾವಗಲ್ ದಾಟುವಾಗ (ಹೌದು, ಶ್ರೀನಾಥ್ ಹೆಸರಿನ ಮುಂದಿರೋ ಅದೇ ಜಾವಗಲ್) ನಕ್ಷೆಯ ಮೇಲೆ ನಮ್ಮ ಚುಕ್ಕಿ ಅರ್ಧ ನಿಮಿಷಕ್ಕೊಮ್ಮೆ ತಪ್ಪದೆ ಮಿನುಗುತ್ತಿತ್ತು. ಹಳೇಬೀಡಿನಲ್ಲಿ ದ್ವಾರಸಮುದ್ರದ ಕೆರೆ ಏರಿಯ ಹತ್ತಿರ ಕಾರು ನಿಲ್ಲಿಸಿದಾಗಲೂ ಬರುತ್ತಿತ್ತು. ನೇರ ಅಳೆದರೆ 30 ಕಿಲೋಮೀಟರ್. ಇದೇ ಜಿಲ್ಲೆಯ ಹಾಸನದಲ್ಲಿ ಇಸ್ರೋದವರು 1982ರಿಂದ 36,000 ಕಿಲೋಮೀಟರ್ ದೂರದ ಉಪಗ್ರಹಗಳ ಜೊತೆ ಮಾತಾಡುತ್ತಿದ್ದಾರೆ, ನಮ್ಮದು 30. ಆದರೂ ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ನಾವಿಬ್ಬರೂ ಕುಣಿದಿದ್ದನ್ನು ನೋಡಿ ಗೈಡ್ ಒಬ್ಬರು ಕ್ರಿಕೆಟ್ ಸ್ಕೋರ್ ಕೇಳಿದರು.

ಈ ಬಲೂನಿನ ಹುಚ್ಚು ನಮ್ಮ ನಾಡಿಗೆ ಹೊಸದೇನಲ್ಲ. 1939-40ರಲ್ಲೇ ನೊಬೆಲ್ ವಿಜ್ಞಾನಿ ರಾಬರ್ಟ್ ಮಿಲಿಕನ್ ತಂಡ ಕಟ್ಟಿಕೊಂಡು ಬಂದು, ಕಾಸ್ಮಿಕ್ ಕಿರಣಗಳನ್ನು ಅಳೆಯಲು ಆಗ್ರಾ, ಪೇಶಾವರದ ಜೊತೆ ಬೆಂಗಳೂರಿನಿಂದಲೂ ಬಲೂನು ಹಾರಿಸಿದ್ದರು. ಆಗ ಹೋಮಿ ಭಾಭಾ ಇದ್ದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. 1945ರಲ್ಲಿ ಟಿಐಎಫ್‌ಆರ್ ಶುರುವಾದದ್ದೂ ಅಲ್ಲೇ, ಬಾಂಬೆಗೆ ಹೋದದ್ದು ಆಮೇಲೆ. ಹತ್ತು ಹದಿನೈದು ವರ್ಷದ ಹಿಂದೆ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಿಂದ ನಮ್ಮದೇ ಥರದ ರಬ್ಬರ್ ಬಲೂನುಗಳನ್ನು, ವಿಮಾನಯಾನದವರಿಗೆ ತಿಳಿಸಿ, ಹಾರಿಸಿದ್ದಾರೆ. ದಾರಿ ಇದೆ ಅಂತಾಯಿತಲ್ಲ. ಉದ್ದ ಇದೆ, ಅಷ್ಟೇ.

ಬೇಲೂರು ತಲುಪುವ ಮೊದಲೇ ಚುಕ್ಕಿ ಮಾಯವಾಯಿತು. ಏರುತಗ್ಗಿನ ನೆಲ, ನಡುವೆ ಯಾವುದೋ ದಿಣ್ಣೆ ಅಡ್ಡ ಬಂದಿರಬೇಕು. ಫೋನು ಜೇಬಿಗೆ ಹಾಕಿ ಚೆನ್ನಕೇಶವನ ಗುಡಿಯ ಹೊರಗೋಡೆ ಸುತ್ತಿದೆವು. ಸೂರಿನಡಿಯ 38 ಮದನಿಕೆಯರಲ್ಲಿ ಕನ್ನಡಿ ಹಿಡಿದವಳ ಮುಂದೆ ಎಂದಿನ ಹಾಗೆ ಸೆಲ್ಫಿ ನೂಕುನುಗ್ಗಲು. ನನಗೆ ನೆನಪಾದದ್ದು ಬೀದರ್ ಜಿಲ್ಲೆಯ ಜಲಸಂಗಿ.

ಯಾಕೆ ಅಂದರೆ, ಹುಮನಾಬಾದ್ ತಾಲ್ಲೂಕಿನ ಆ ಹಳ್ಳಿಯಲ್ಲಿ ಚಾಲುಕ್ಯರ ಕಾಲದ ಶಿವಾಲಯ ಇದೆ. ಅದರ ಗೋಡೆ ಮೇಲೆ ಶಾಸನ ಬರೆಯುತ್ತಾ ನಿಂತ ಒಬ್ಬ ಶಿಲಾಬಾಲಿಕೆ ಇದ್ದಾಳೆ, ಬೇಲೂರಿನ ಮದನಿಕೆಯರಿಗೆ ಅಕ್ಕ ಅನ್ನಬಹುದಾದವಳು. ಅದೇ ಹಳ್ಳಿಯಲ್ಲಿ 2025ರ ಜನವರಿಯಲ್ಲಿ ಒಂದು ಮನೆಯ ಮೇಲೆ ಆಕಾಶದಿಂದ ದೊಡ್ಡ ಬಲೂನು, ಯಂತ್ರದ ಸಮೇತ ಬಂದು ಬಿತ್ತು. ಊರವರು ಗಾಬರಿ. ಹೋಗಿ ನೋಡಿದರೆ ಹೈದರಾಬಾದಿನ ಟಿಐಎಫ್‌ಆರ್ ಬಲೂನ್ ಕೇಂದ್ರದ್ದು. 1969ರಿಂದ ಅಲ್ಲಿ ಸಂಶೋಧನೆಗೆ ಬಲೂನು ಬಿಡುತ್ತಾರೆ, ಗಾಳಿ ಬಂದ ಕಡೆ ನಮ್ಮ ಗಡಿ ಜಿಲ್ಲೆಗಳಲ್ಲೂ ಇಳಿಯುತ್ತವೆ. ಅದರ ಜೊತೆ ಕನ್ನಡದಲ್ಲಿ ಬರೆದ ಒಂದು ಪತ್ರ ಇತ್ತು. ಬಿದ್ದ ವಸ್ತುವನ್ನು ಎತ್ತಿಕೊಂಡವರಿಗೆ ಗೊತ್ತಾಗಲಿ ಅಂತ. ಹಾರಿಸಿದವರು ಎಲ್ಲಿ ಬೀಳುತ್ತೋ, ಅಲ್ಲಿನ ಭಾಷೆ ಯಾವುದೋ ಅಂತ ಮೊದಲೇ ಯೋಚಿಸಿದ್ದರು. ನಮ್ಮ ಡಬ್ಬದ ಮೇಲೆ ನಾವು ಅಂಟಿಸಿದ್ದು ಇಂಗ್ಲಿಷಿನ ಸ್ಟಿಕ್ಕರ್. ಅರಸೀಕೆರೆಯ ತೋಟದಲ್ಲಿ ಬಿದ್ದಿದ್ದರೆ ಕಾಯಿ ಕೀಳಲು ಬಂದವರು ಅದನ್ನು ಬಾಂಬು ಅಂದುಕೊಳ್ಳದೆ ಇನ್ನೇನು ಅಂದುಕೊಳ್ತಿದ್ದರು?

ಸುಮ್ಮನೆ ಹೆದರಿಸುತ್ತಿಲ್ಲ. ಬಲೂನು ಯಾರದ್ದು ಅಂತ ಗೊತ್ತಿಲ್ಲದಿದ್ದರೆ ಏನೇನೋ ಆಗುತ್ತೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಇಲಿನಾಯ್ಸ್‌ನ ಹವ್ಯಾಸಿಗಳ ಗುಂಪಿನ ಪುಟಾಣಿ ಬಲೂನೊಂದು ಭೂಮಿ ಸುತ್ತುತ್ತಾ ಅಲಾಸ್ಕದ ಹತ್ತಿರ ಮೌನವಾಯಿತು. ಅದೇ ಸಮಯಕ್ಕೆ ಕೆನಡಾದ ಯೂಕಾನ್ ಮೇಲೆ ಗುರುತು ಸಿಗದ ವಸ್ತುವೊಂದನ್ನು ಎಫ್-22 ಯುದ್ಧವಿಮಾನ ಕ್ಷಿಪಣಿ ಬಿಟ್ಟು ಹೊಡೆದುರುಳಿಸಿತು. ಅದು ಇದೇ ಅಂತ ಯಾರೂ ಅಧಿಕೃತವಾಗಿ ಹೇಳಿಲ್ಲ. ಹ್ಯಾಮ್‌ಗಳ ಲೋಕದಲ್ಲಿ ಮಾತ್ರ ಆ ಪುಟಾಣಿಗೆ ಆಗಲೇ ತಿಥಿ ಊಟ ಆಗಿಹೋಗಿದೆ.

ವಾಪಸ್ ಬರುವಾಗ ಜಾವಗಲ್ ಹತ್ತಿರ ಕೈರೇಡಿಯೊದಲ್ಲಿ ಬೆಟ್ಟದ ಮೇಲಿದ್ದವನ ದನಿ ಮತ್ತೆ ಸಿಕ್ಕಿತು. ಬೆಳಗ್ಗೆಯಿಂದ ಕೂತು ಕೂತು ಬಿಸಿಲಿಗೆ ಬೆಂದಿದ್ದ. ಕೋತಿ ಬಾಳೆಹಣ್ಣು ಕಿತ್ತುಕೊಂಡು ಹೋಗಿದೆ, ಡಬ್ಬ ಮುಟ್ಟಲು ಬಿಟ್ಟಿಲ್ಲ ಅಂತ ವರದಿ ಒಪ್ಪಿಸಿದ. ಆಮೇಲೆ ಒಂದು ಕ್ಷಣ ಸುಮ್ಮನಾಗಿ, "ಈಗೊಂದು ಹೋಗ್ತಾ ಇದೆ, ಪಶ್ಚಿಮದಿಂದ ಪೂರ್ವಕ್ಕೆ, ಬಿಳೀ ಗೆರೆ ಎಳಕೊಂಡು, ನೋಡಿ" ಅಂದ. ಕಾರು ನಿಲ್ಲಿಸಿ ನೋಡಿದೆವು. ಅತ್ತೆಯ ಪುಟ್ಟಿ ಬಂದ ವಿಮಾನ ಅದಲ್ಲ, ಅವಳದ್ದು ಬೆಳಗಿನ ಜಾವವೇ ಬಂದಾಗಿತ್ತು. ಸಂಜೆ ನಾವು ಮನೆಗೆ ಹೋಗುವ ಹೊತ್ತಿಗೆ ಅವಳು ಜಗಲಿ ಮೇಲೆ ಕೂತು ಎಳನೀರು ಕುಡಿಯುತ್ತಿದ್ದಳು. ಅವಳ ಮುಂದೆ ಯಾರೂ ಬಲೂನಿನ ಮಾತೆತ್ತಲಿಲ್ಲ.

ಬಲೂನು ಈಗ ಮಾವನ ಮನೆಯ ಬೀರುವಿನಲ್ಲಿ, ಅತ್ತೆಯ ರೇಷ್ಮೆ ಸೀರೆಗಳ ಪಕ್ಕ, ಕಪ್ಪು ಕವರಿನೊಳಗಿದೆ. ಬೆಳಕು ತಾಗಿದರೆ ರಬ್ಬರ್ ಹಾಳಾಗುತ್ತೆ. ಅರ್ಜಿ ಬರೆದಿದ್ದೇವೆ. ಮಾವ ಕೆಂಪು ಪೆನ್ನಿನಲ್ಲಿ ಮೂರು ಸಲ ತಿದ್ದಿದ್ದಾರೆ. ಡಬ್ಬದ ಬ್ಯಾಟರಿಗಳನ್ನು ಒಂದೇ ಗಟ್ಟಿ ಉಂಡೆಯಾಗಿ ಇಡದೆ ಹರಡಿದ್ದೇವೆ. ತೂಕ 900 ಗ್ರಾಮಿಗೆ ಇಳಿದಿದೆ. ಕ್ಯಾಮೆರಾ ಚಿಕ್ಕದಾಯಿತು, ಇಂಗ್ಲಿಷ್ ಸ್ಟಿಕ್ಕರ್ ಮೇಲೆ ಕನ್ನಡದ್ದು ಬಂತು. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು, ಬರದೆಯೂ ಇರಬಹುದು. ಬಂದರೂ ಅವರು ಹೇಳಿದ ದಿನ, ಹೇಳಿದ ಗಂಟೆ.

ಮೊನ್ನೆ ಸ್ಟ್ಯಾಂಡಪ್ ಮೀಟಿಂಗ್ ನಡುವೆ ಮಾವನ ಫೋನು ಬಂತು. ಏನೋ ಅರ್ಜೆಂಟು ಅಂತ ಹೊರಗೆ ಬಂದು ಎತ್ತಿದೆ.

"ಹಗ್ಗ ಬದಲಾಯಿಸಿದ್ಯೇನೋ?"

"ಬದಲಾಯಿಸಿದ್ದೀನಿ ಮಾವ. ತೆಳು ದಾರ."

"ಎಷ್ಟಕ್ಕೆ ಕಿತ್ತು ಹೋಗುತ್ತೆ?"

"ಹದಿನೈದು ಕೆಜಿ ಕಟ್ಟಿ ಜಗ್ಗಿದ್ದಕ್ಕೆ ಕಿತ್ತೋಯ್ತು."

"ಹ್ಞೂಂ" ಅಂದು ಫೋನು ಇಟ್ಟರು.